ಅಜ್ಜಿಗೆ ತೋರಿಸಿದ ಸಮುದ್ರ

ಆಗೆಲ್ಲ ಸೋಸಲೆಯಿಂದ ಮಂಗಳೂರಿಗೆ ಹೊರಟವರು ಮೊದಲು ನಮ್ಮ ಜಗಲಿಗೆ ಬಂದು ಅಪ್ಪನ ಸಲಹೆ ಕೇಳಿಕೊಂಡೇ ಹೋಗುತ್ತಿದ್ದರು. ಅಪ್ಪ ನಂಜನಗೂಡಿನಲ್ಲಿ ಬಾಳೆಮಂಡಿ ಇಟ್ಟಿದ್ದರು. ಒಂದೇ ಒಂದು ಸಲ ಗೊನೆ ತುಂಬಿದ ಲಾರಿಯಲ್ಲಿ ಮಂಗಳೂರಿಗೆ ಹೋಗಿ, ಸರಕು ಇಳಿಸಿ, ಅದೇ ಲಾರಿಯಲ್ಲಿ ವಾಪಸ್ ಬಂದಿದ್ದರು. ಅಷ್ಟಕ್ಕೇ ಊರವರ ಪಾಲಿಗೆ ಅವರು ಮಂಗಳೂರನ್ನು ಅರೆದು ಕುಡಿದವರು.

"ಘಾಟಿ ಇಳಿಯೋವಾಗ ಒಟ್ಟೆ ತುಂಬ ಉಣ್ಬ್ಯಾಡಿ, ನಿಂಬೆಣ್ಣಿನ ಸಿಪ್ಪೆ ಮೂಸ್ತಾ ಕೂತ್ಕಳಿ. ಊರೆಲ್ಲ ಏರು, ಇಳಿಜಾರು. ಜಾರೋ ಚಪ್ಲಿ ಆಕಬ್ಯಾಡಿ. ಬೆವ್ರು ಕಿತ್ಕಂಡು ಬತ್ತದೆ, ಎರಡು ಟವಲ್ ಇರ್ಲಿ. ಸಮುದ್ರಕ್ಕೆ ದಾರಿ ಯಾರ್ನೂ ಕೇಳ್ಬ್ಯಾಡಿ. ಕೇಳಿದ್ರೆ ಒಸಬ್ರು ಅಂತ ಆಟೋದವ್ನು ಸುತ್ತಾಡಿಸ್ತಾನೆ. ಇಳಿಜಾರು ಸಿಕ್ದತ್ತ ಇಳೀತಾ ಓಗಿ, ಸಮುದ್ರನೇ ಎದುರಿಗೆ ಬತ್ತದೆ."

ಅಪ್ಪ ಹೀಗೆ ಹೇಳುತ್ತಿದ್ದರೆ ಕಂಬಕ್ಕೆ ಒರಗಿ ನಿಂತ ಅವರ ಮಗಳಾದ ನನಗೆ ಹೆಮ್ಮೆಯೋ ಹೆಮ್ಮೆ.

ಅಪ್ಪನ ಅವ್ವ, ನಮ್ಮ ಅಜ್ಜಿಗೆ, ಸಾಯುವುದರೊಳಗೆ ಒಮ್ಮೆ ಸಮುದ್ರದಲ್ಲಿ ಮುಳುಗಬೇಕೆಂಬ ಆಸೆ. ಕಾವೇರಿ ಅವಳಿಗೆ ಹಿತ್ತಲಿನಷ್ಟು ಪರಿಚಯ. ನರಸೀಪುರದ ಸಂಗಮದಲ್ಲಿ ಎಷ್ಟು ಸಲ ಮುಳುಗಿದ್ದಳೋ ಲೆಕ್ಕವಿಲ್ಲ. ಸಮುದ್ರ ಮಾತ್ರ ಕಂಡಿರಲಿಲ್ಲ. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ಅಪ್ಪ ಅವಳನ್ನೂ ನನ್ನನ್ನೂ ಕರೆದುಕೊಂಡು ಹೊರಟರು.

ಅಪ್ಪನ ಸಲಹೆಗಳೆಲ್ಲ ಸರಿಯಾಗಿಯೇ ಇದ್ದವು. ಘಾಟಿಯಲ್ಲಿ ನಿಂಬೆಸಿಪ್ಪೆ ನನ್ನ ಹೊಟ್ಟೆಯನ್ನು ಕಾಪಾಡಿತು. ಮಂಗಳೂರಿನಲ್ಲಿ ಇಳಿದ ಕೂಡಲೇ ಟವಲ್ ಒದ್ದೆಯಾಯಿತು. ಅಜ್ಜಿ ಮಂಡಿ ಹಿಡಿದುಕೊಂಡು, ಅಪ್ಪನ ತೋಳಿಗೆ ಜೋತು, ಇಳಿಜಾರು ರಸ್ತೆಗಳಲ್ಲಿ ಇಳಿದಳು. ಕೆಳಗಿಳಿದಷ್ಟೂ ಮೀನಿನ ವಾಸನೆ. ಮನೆಯ ಹತ್ತಿರ ಮೊಟ್ಟೆ ಸುಳಿದರೂ ರಂಪ ಮಾಡುತ್ತಿದ್ದವಳು ಅಂದು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಸಮುದ್ರ ಅಂದ್ಮ್ಯಾಲೆ ವಾಸ್ನೆ ಇದ್ದೇ ಇರ್ತದೆ, ನಡೀ ಮಗ" ಎಂದಳು.

ರಸ್ತೆ ಮುಗಿದ ಕಡೆ ಅಗಲವಾದ ನೀರು, ಸಾಲಾಗಿ ಕಟ್ಟಿದ ದೋಣಿಗಳು.

"ಅವ್ವಾ, ನೋಡು ಸಮುದ್ರ!" ಎಂದರು ಅಪ್ಪ.

"ಆಚೆ ದಡ ಕಾಣ್ತದಲ್ಲಪ್ಪ?" ಎಂದೆ ನಾನು.

"ಅದು ದ್ವೀಪ ಕಣವ್ವ."

ಅಜ್ಜಿ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿದಳು. "ಉಪ್ಪು! ಉಪ್ಪು ಕಣ್ಲಾ ಮಗ!" ಎಂದು ಕೂಗಿಯೇಬಿಟ್ಟಳು. ಹೊಳೆ ಎಂದರೆ ಸಿಹಿನೀರು, ಸಮುದ್ರ ಎಂದರೆ ಉಪ್ಪುನೀರು. ಹೊಳೆದಂಡೆಯ ನಮಗೆ ಗೊತ್ತಿದ್ದದ್ದು ಅಷ್ಟೇ. ಅವಳು ಹಣೆಗೆ ವಿಭೂತಿ ಹಚ್ಚಿಕೊಂಡು, ರಸಬಾಳೆಯ ಹಣ್ಣು ತೇಲಿಬಿಟ್ಟು, ಅಪ್ಪನ ಕೈ ಹಿಡಿದು ಮುಳುಗಿ ಎದ್ದಳು. ಅಷ್ಟು ಸಂತೋಷವಾಗಿದ್ದ ಅಜ್ಜಿಯನ್ನು ನಾನು ಬೇರೆಂದೂ ನೋಡಿಲ್ಲ.

ಊರಿಗೆ ಬಂದ ಮೇಲೆ ಕಾವೇರಿಯ ಸೋಪಾನದಲ್ಲಿ ಬಟ್ಟೆ ಒಗೆಯುವಾಗೆಲ್ಲ ಅದೇ ಮಾತು. ಒಂದು ಬೆಳಿಗ್ಗೆ ಪಕ್ಕದ ಬೀದಿಯ ಗೌರಮ್ಮ ಕೇಳಿದಳು. ಅವಳ ಮಗಳನ್ನು ಕೊಟ್ಟಿದ್ದದ್ದು ಮಂಗಳೂರಿಗೆ.

"ಅಲೆ ಎಂಗಿದ್ವು ದೊಡ್ಡವ್ವ? ನನ್ನಂತೂ ಎಳ್ದು ಕೆಡವ್ಬುಟ್ವು."

"ಅಲೆ ಎಲ್ಲಿ ಬಂತು? ನಮ್ ಮಡುವಿನಂಗೆ ತಣ್ಣಗಿತ್ತು. ಆಚೆ ದಡದಾಗೆ ತೆಂಗಿನ ಮರ."

ಗೌರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಅದು ಒಳೆ ಕಣ್ ದೊಡ್ಡವ್ವ! ಸಮುದ್ರದ ನೀರು ನುಗ್ಗಿ ಉಪ್ಪಾಗಿರ್ತದೆ. ಊರ್ಗೆಲ್ಲ ದಾರಿ ಯೋಳೋ ನಿನ್ ಮಗ ನಿನ್ನ ಒಳೇಲಿ ಮುಳುಗ್ಸಿ ಕರ್ಕಂಡ್ ಬಂದವ್ನೆ!"

ಸೋಪಾನವೆಲ್ಲ ನಕ್ಕಿತು. ಎರಡು ನದಿ ಕೂಡುವ ಕಡೆ ಹುಟ್ಟಿ ಬೆಳೆದವರು ಹೊಳೆಯನ್ನು ಗುರುತಿಸಲಾಗದೆ ಪೂಜೆ ಮಾಡಿ ಬಂದಿದ್ದೆವು. ಅಜ್ಜಿ ಒದ್ದೆ ಸೀರೆಯಲ್ಲೇ ಎದ್ದು ನಿಂತಳು. "ನನ್ ಮಗ ಸಮುದ್ರ ಅಂದ್ಮ್ಯಾಲೆ ಅದು ಸಮುದ್ರನೇ!" ಎಂದಳು.

ಹೆಗಲ ಮೇಲೆ ಟವಲ್ ಹಾಕಿಕೊಂಡು ಸ್ನಾನಕ್ಕೆ ಬಂದಿದ್ದ ಅಪ್ಪ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ, ತಲೆ ತಗ್ಗಿಸಿದೆ. ಮತ್ತೆ ತಲೆ ಎತ್ತುವ ಹೊತ್ತಿಗೆ ಅವರು ಸ್ನಾನ ಮಾಡದೆಯೇ ಹೊರಟುಹೋಗಿದ್ದರು.

ಅಂದಿನಿಂದ ಅಪ್ಪ ಯಾರಿಗೂ ದಾರಿ ಹೇಳಲಿಲ್ಲ. ಅಜ್ಜಿಯೂ ಸಮುದ್ರದ ಸುದ್ದಿ ಎತ್ತಲಿಲ್ಲ. ಇನ್ನೊಮ್ಮೆ ಹೋಗಿಬರೋಣ ಎನ್ನಲು ನಮ್ಮ ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಹಾಗೆಂದರೆ ಮೊದಲು ಹೋದದ್ದು ತಪ್ಪು ಜಾಗಕ್ಕೆ ಎಂದು ಒಪ್ಪಿಕೊಂಡಂತೆ ತಾನೆ?

ಹೋದ ವರ್ಷ ಮಕ್ಕಳನ್ನು ಕರೆದುಕೊಂಡು ಮಂಗಳೂರಿಗೆ, ಅಜ್ಜಿ ಮುಳುಗಿದ್ದ ಅದೇ ಬಂದರಿಗೆ ಹೋದೆ. ಜನರನ್ನು ದಾಟಿಸುವ ದೋಣಿ ಹತ್ತಿದೆವು. ಸರಿಯಾಗಿ ಕೂರುವಷ್ಟರಲ್ಲಿ ಅಪ್ಪನ ಆ "ದ್ವೀಪ" ಬಂತು. ಮನೆಗಳ ನಡುವಿನ ಓಣಿಯಲ್ಲಿ ಐದು ನಿಮಿಷ ನಡೆದರೆ ಎದುರಿಗೇ ಸಮುದ್ರ, ಆಚೆ ದಡವೇ ಇಲ್ಲದ್ದು. ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಿದ್ದೇನೆಂದು ಹೇಳಿ, ಅಲೆಯ ಸದ್ದು ಕೇಳಿಸಿದೆ.

"ಆ ಒಳೆಯಿಂದ ಎಷ್ಟ್ ದೂರ ಅದವ್ವ?"

"ದೂರ ಅಪ್ಪ. ಅಜ್ಜಿ ಕೈಲಿ ನಡೆಯೋಕಾಯ್ತಿರ್ಲಿಲ್ಲ."

"ಅಂಗಾ..." ಎಂದು ಅಪ್ಪ ಫೋನ್ ಇಟ್ಟರು.

ಆ ಬೇಸಿಗೆಯ ನಂತರವೂ ಅಜ್ಜಿ ಎಷ್ಟೋ ವರ್ಷ, ಮಂಡಿನೋವಿದ್ದರೂ ಓಡಾಡಿಕೊಂಡೇ ಬದುಕಿದ್ದಳು. ಬೇಕಿದ್ದದ್ದು ಒಂದು ಬಸ್ಸು, ಒಂದು ದೋಣಿ. ಕರೆದುಕೊಂಡು ಹೋಗಲು ನಮಗೆ ನಾಚಿಕೆಯಾಗಿತ್ತು, ಅಷ್ಟೇ.