ಇ-ಮೇಲ್ ಹೇಳಿದ ಚಾಡಿ

ನಾನು ಗುಟ್ಟಿನ ಮನುಷ್ಯ. ಬೆಳಗ್ಗೆ ಏನು ತಿಂಡಿ ಎಂದು ಯಾರಾದರೂ ಕೇಳಿದರೂ ಸ್ವಲ್ಪ ಯೋಚಿಸಿಯೇ ಉತ್ತರ ಕೊಡುತ್ತೇನೆ. ಇದು ನನ್ನ ತಪ್ಪಲ್ಲ, ಹುಟ್ಟಿದ ಊರಿನದು. ನಮ್ಮ ಚಳ್ಳಕೆರೆ ಕಡೆಯ ಕುರಿಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಕೈಗಳ ಮೇಲೊಂದು ಟವೆಲ್ ಹಾಕಿಕೊಂಡು, ಅದರಡಿ ಬೆರಳು ಹಿಡಿದು ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಆ ಮುಖಗಳಲ್ಲೂ ಏನೂ ಕಾಣುವುದಿಲ್ಲ. ದೇಶದೇಶಗಳ ರಾಯಭಾರಿಗಳು ಇಲ್ಲಿ ಬಂದು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಇಂಥ ನಾನು ಕಡಲೆಕಾಯಿ ಎಣ್ಣೆಯ ಮಿಲ್ ನಡೆಸುತ್ತಿದ್ದೆ. ಊರಿಗೆ ಸೈಬರ್ ಸೆಂಟರ್ ಬಂದ ಹೊಸತು. ಆ ವರ್ಷ ಟ್ಯಾಂಕಿನಲ್ಲಿ ಎಣ್ಣೆ ಹಾಗೇ ನಿಂತಿತ್ತು. ಒಳ್ಳೆಯ ಬೆಲೆಗೆ ಹೋಗದಿದ್ದರೆ ಮಿಲ್ಲಿಗೆ ಬೀಗ ಹಾಕಬೇಕಿತ್ತು. ಬೆಂಗಳೂರಿನ ಖರೀದಿದಾರರೊಬ್ಬರು ತಮ್ಮ ದರವನ್ನು ಇ-ಮೇಲ್ ಮಾಡಿದರು. ದರ ಕಡಿಮೆ, ಆದರೂ ಆಸೆ. ಇಮ್ತಿಯಾಜ್ ಭಾಯಿಯ ಸೈಬರ್ ಸೆಂಟರಿಗೆ ಹೋಗಿ, ಯಾರೂ ಇಣುಕಬಾರದೆಂದು ನನ್ನ ತಲೆಗೂ ಕಂಪ್ಯೂಟರಿಗೂ ಸೇರಿಸಿ ಟವೆಲ್ ಹೊದಿಸಿ, ಒಳಗೆ ಬೆವರುತ್ತ ಓದಿದೆ. ಮಧ್ಯಾಹ್ನ ಮತ್ತೆ, ಸಂಜೆ ಮತ್ತೆ. ಪಕ್ಕದ ಕುರ್ಚಿಯವರು ಏನು ತಿಳಿದುಕೊಂಡರೋ ಆ ಶಿವನೇ ಬಲ್ಲ.

ಮರುದಿನ ಖರೀದಿದಾರರ ಫೋನು. ಇನ್ನೂ ನೋಡಿಲ್ಲವೆಂದು ನಾನು ಆಕಳಿಸುವ ದನಿಯಲ್ಲಿ ಹೇಳಿದೆ. ಅವರು ನಕ್ಕರು. "ನಿನ್ನೆಯಿಂದ ಪದೇ ಪದೇ ತೆಗೆದು ನೋಡ್ತಿದ್ದೀರಲ್ಲ ಸಾರ್. ನಿಮಗೆ ಮಾರೋ ಅವಸರ ಇದೆ. ದರ ಏರಿಸಲ್ಲ."

ಮೈಯೆಲ್ಲ ಉರಿಯಿತು. ಸಿಟ್ಟಿಗಿಂತ ಅವಮಾನ ಹೆಚ್ಚು. ಭಾಯಿಯೇ ಸುದ್ದಿ ಮುಟ್ಟಿಸಿದ್ದಾರೆಂದು ಜಗಳಕ್ಕೇ ಹೋದೆ. ಅವರು ಬೇಸರಿಸದೆ ಬಿಡಿಸಿ ಹೇಳಿದರು: ಇ-ಮೇಲ್ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಇಟ್ಟಿರುತ್ತಾರಂತೆ. ನಾವು ತೆರೆದಾಗ ಅದು ಕಳಿಸಿದವರ ಕಂಪ್ಯೂಟರಿನಿಂದ ಬರಬೇಕು. ಬಂದಾಗಲೆಲ್ಲ ಅವರಿಗೆ ಗೊತ್ತಾಗುತ್ತದೆ. "ನೀವು ಹೊರಗಿನೋರು ನೋಡ್ತಾರೆ ಅಂತ ಮುಚ್ಕಂಡ್ರಿ ಸಾವ್ಕಾರ್ರೆ," ಎಂದರು. "ಚಾಡಿ ಹೇಳೋದು ಒಳಗೇ ಐತೆ."

ಮುಸುಕು ಹಾಕಿಕೊಂಡು ಕೂತಿದ್ದನ್ನು ನೆನೆದರೆ ನನಗೇ ನಗು. ಆದರೆ ನಗು ಮುಗಿದ ಮೇಲೆ ಹಟ ಹಿಡಿಯಿತು. ಮಿಲ್ಲಿಗೆ ಬೀಗ ಬಿದ್ದರೆ ಬೀಳಲಿ, ನನ್ನ ಆಸೆಯನ್ನು ನಾನಾಗಿ ಹೇಳದೆ ಯಾರೂ ತಿಳಿಯಕೂಡದು. ಭಾಯಿಯ ಪಕ್ಕ ಕೂತು, ಚಿತ್ರಗಳು ತಾವಾಗಿ ತೆರೆಯದಂತೆ ಮಾಡಿಸಿಕೊಂಡೆ. ನನಗೆ ಬರಿಯ ಅಕ್ಷರ ಸಾಕು. ಆಮೇಲೆ, ಬೇರೆ ದರ ಇದ್ದರೆ ಬರೆಯಿರಿ ಎಂದು ಖರೀದಿದಾರರಿಗೆ ಒಂದು ಸಾಲು ಕಳಿಸಿದೆ.

ಉತ್ತರ ಬಂತು. ದರ ತುಸುವೇ ಏರಿತ್ತು. ಓದಿ ಸುಮ್ಮನಿದ್ದೆ. ದಿನಗಳು ಕಳೆದವು; ನಾನಾಗಿ ಫೋನ್ ಮುಟ್ಟಲಿಲ್ಲ. ಕೊನೆಗೆ ಅವರದೇ ಫೋನು.

"ಮೇಲ್ ತಲುಪಿತಾ ಸಾರ್?"

ಈಗ ಅವಸರ ಆ ಕಡೆಯ ದನಿಯಲ್ಲಿತ್ತು. "ನೋಡ್ತೀನಿ ಬಿಡ್ರಿ," ಎಂದೆ. ಅವರು ಅಲ್ಲೇ, ಆ ಫೋನಿನಲ್ಲೇ, ನನಗೆ ಒಪ್ಪಿಗೆಯಾಗುವ ದರ ಹೇಳಿದರು. ಎಣ್ಣೆ ಹೋಯಿತು, ಮಿಲ್ ಉಳಿಯಿತು.

ಆ ಎರಡನೆಯ ಮೇಲನ್ನು ಎಷ್ಟು ಸಲ ಓದಿದ್ದೆನೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇಷ್ಟು ಸಲುಗೆಯಿಂದ ಮಾತಾಡಿದೆನೆಂದು ನೀವೂ ಕೇಳಬೇಡಿ, ಹೇಳುವುದಿಲ್ಲ.