ಅತ್ತಿಗೆಯ ಹತ್ತು ಪ್ರಶ್ನೆಗಳು

ಮದುವೆಯಾಗಿ ನಮ್ಮ ಮನೆಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ಅತ್ತಿಗೆ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ. ಹೋದ ಬೇಸಿಗೆಯಲ್ಲಿ ಮೊದಲ ಸಲ ಒಂದನ್ನು ಕೇಳಿದರು.

"ಈ ಸಲ ಗೆದ್ರ ಪ್ರಶ್ನಿ ನಾ ಮಾಡ್ತೀನಿ. ಹತ್ತೂ ನಂದೇ ಇರಬೇಕು. ನೀ ಒಂದೂ ಸೇರಿಸಬಾರ್ದು."

"ಆತ್ರಿ ಅತ್ತಿಗಿ" ಎಂದೆ. ಅದೇನು ಮಹಾ ಎಂದು ಆಗ ಅನಿಸಿತ್ತು.

ಗೆಲ್ಲಬೇಕಾಗಿದ್ದದ್ದು ಒಂದು ರಸಪ್ರಶ್ನೆ ಪಂದ್ಯ. ಫೋನಿನಲ್ಲಿ ನಮ್ಮದೊಂದು ಗುಂಪಿದೆ, ಸಾಹಸದ ವಿಡಿಯೊ ಗೇಮ್‌ಗಳ ಹುಚ್ಚು ಹತ್ತಿಸಿಕೊಂಡವರದು. ಬಂದೂಕು ಹಿಡಿದು ಓಡಾಡುವ ಆಟಗಳಲ್ಲ; ಕಾಣದ ಊರುಗಳಲ್ಲಿ ಅಲೆದು, ಕೀಲಿಕೈ ಹುಡುಕಿ, ಒಗಟು ಬಿಡಿಸಿ, ಕಥೆಯ ಕೊನೆ ಮುಟ್ಟುವ ಆಟಗಳು. ತಿಂಗಳಿಗೆ ಒಂದು ಆಟ. ಕೊನೆಯ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅದರ ಮೇಲೆ ಹತ್ತು ಪ್ರಶ್ನೆ. ಒಂದೊಂದಕ್ಕೂ ಒಂದು ನಿಮಿಷದೊಳಗೆ ಉತ್ತರ ಬರೆಯಬೇಕು, ನೆಟ್‌ನಲ್ಲಿ ಹುಡುಕಬಾರದು. ಗೆದ್ದವರಿಗೆ ಸಿಗುವುದು ಮುಂದಿನ ತಿಂಗಳ ಆಟ ಆರಿಸಿ ಪ್ರಶ್ನೆ ಮಾಡುವ ಹಕ್ಕು, ಅಷ್ಟೇ. ಅಷ್ಟಕ್ಕೇ ಗುಂಪಿನವರು ಜೀವ ಬಿಡುತ್ತಾರೆ. ನಾವು ಅದಕ್ಕೂ ಮೊದಲು ಎರಡು ಸಲ ಗೆದ್ದಿದ್ದೆವು. ಎರಡೂ ಸಲ ಪ್ರಶ್ನೆ ಮಾಡಿದವಳು ನಾನು, ಅತ್ತಿಗೆಯನ್ನು ಒಂದು ಮಾತೂ ಕೇಳದೆ.

ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲಿ. ಕರೂರು, ರಾರಾವಿ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು ನನ್ನ ತರಗತಿಯಲ್ಲಿ ಕೆಮ್ಮಲೂ ಹೆದರುತ್ತಾರೆ ಎಂದು ಜೊತೆಯ ಟೀಚರುಗಳು ಚುಡಾಯಿಸುತ್ತಾರೆ. ವಾರವೆಲ್ಲ ಅಲ್ಲೊಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಳ್ಳಾರಿಯ ಮನೆಗೆ. ಅಣ್ಣನದು ಬ್ರೂಸ್‌ಪೇಟೆಯಲ್ಲಿ ಪಾತ್ರೆ ಅಂಗಡಿ. ಅತ್ತಿಗೆ ಮನೆಯಲ್ಲೇ ಕುಳಿತು ಜೀನ್ಸ್ ಪ್ಯಾಂಟುಗಳಿಗೆ ಹಿಂದಿನ ಕಿಸೆ ಹೊಲಿಯುತ್ತಾರೆ. ಕತ್ತರಿಸಿದ ಬಟ್ಟೆಯ ಗಂಟುಗಳನ್ನು ಕಾರ್ಖಾನೆಯವರು ತಂದು ಹಾಕಿ, ಹೊಲಿದದ್ದನ್ನು ಹೊತ್ತುಕೊಂಡು ಹೋಗುತ್ತಾರೆ.

ಅವರಿಗೆ ಈ ಹುಚ್ಚು ಹತ್ತಿಸಿದವಳು ನಾನೇ. ಒಂದು ಭಾನುವಾರ ಲ್ಯಾಪ್‌ಟಾಪ್ ಮುಂದೆ ಕುಳಿತು ಹಾಳು ಕೋಟೆಯೊಂದರ ಬಾಗಿಲು ತೆಗೆಯಲಾರದೆ ಒದ್ದಾಡುತ್ತಿದ್ದೆ. ಚಹಾ ಕೊಡಲು ಬಂದ ಅತ್ತಿಗೆ ಹಿಂದೆಯೇ ನಿಂತರು. "ಆ ಗ್ವಾಡಿಯಾಗ ಒಂದು ಕಲ್ಲಿನ ಬಣ್ಣ ಬ್ಯಾರೆ ಐತಿ, ನೋಡು" ಎಂದರು. ಒಂದು ಗಂಟೆಯಿಂದ ನನ್ನ ಕಣ್ಣಿಗೆ ಬೀಳದ ಕಲ್ಲು. ಒತ್ತಿದೆ, ಬಾಗಿಲು ತೆರೆಯಿತು. ಅವತ್ತಿನಿಂದ ಲ್ಯಾಪ್‌ಟಾಪನ್ನು ಬಳ್ಳಾರಿಯಲ್ಲೇ ಬಿಟ್ಟು ಹೋಗತೊಡಗಿದೆ. ಒಂದು ಗಂಟು ಮುಗಿದು ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಅತ್ತಿಗೆ ಆಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಬರೀ ಚಿತ್ರ ನೋಡಿಕೊಂಡು ಆಡುತ್ತಾರೆ ಎಂದು ಸಿರುಗುಪ್ಪದ ಗೆಳತಿಯರ ಮುಂದೆ ಬೆರಗುಪಡುತ್ತಿದ್ದೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟವರು, ಎಂಥ ಕಣ್ಣು ನೋಡಿ ಎಂದು ಸೇರಿಸುತ್ತಿದ್ದೆ.

ಪಂದ್ಯದ ಹೊತ್ತಿಗೆ ಅವರು ಹೊಲಿಗೆ ಯಂತ್ರದ ಮುಂದೆ, ನಾನು ಪಕ್ಕದ ಕುರ್ಚಿಯಲ್ಲಿ ಫೋನ್ ಹಿಡಿದು. ನಾನು ಪ್ರಶ್ನೆ ಓದುವುದು, ಅವರು ಹೇಳುವುದು, ನಾನು ಬರೆಯುವುದು. ಅಂಬಿಗನ ಕೋಟಿಗೆ ಎಷ್ಟು ಗುಂಡಿ? "ಐದು. ಒಂದು ಕಿತ್ತು ಹೋಗೈತಿ." ಮುದುಕಿಯ ಬೆಕ್ಕಿನ ಯಾವ ಕಿವಿ ಹರಿದಿದೆ? "ಎಡದ್ದು." ಯಂತ್ರ ನಿಲ್ಲುತ್ತಲೂ ಇರಲಿಲ್ಲ. ಹೊಗಳಿಕೆ ಮಾತ್ರ ನನಗೆ. ಟೀಚರ್, ನಿಮ್ಮ ನೆನಪಿಗೊಂದು ನಮಸ್ಕಾರ ಎಂದು ಗುಂಪಿನವರು ಬರೆಯುತ್ತಿದ್ದರು. ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗುತ್ತಿದ್ದೆ. ಉತ್ತರಗಳು ಯಾರವು ಎಂದು ಹೇಳಬೇಕೆಂದು ಅನಿಸದೆ ಇರಲಿಲ್ಲ. ಆದರೆ ಹೊಗಳಿಸಿಕೊಳ್ಳುವುದು ಹಿತವಾಗಿತ್ತು. ಬೇರೆ ಕಾರಣ ಕೊಟ್ಟರೆ ಸುಳ್ಳಾಗುತ್ತದೆ.

ಆ ತಿಂಗಳ ಆಟದಲ್ಲಿ ಸಮುದ್ರದ ನಡುವೆ ಒಂದು ದ್ವೀಪ, ದ್ವೀಪದ ಮೇಲೊಂದು ಎತ್ತರದ ಗೋಪುರ. ಹಡಗು ಒಡೆದು ಬದುಕಿ ಉಳಿದ ಏಳು ಜನ ಅಲ್ಲಿದ್ದಾರೆ. ಒಬ್ಬೊಬ್ಬರಿಗೆ ಒಂದು ಕೋಣೆ, ಒಂದು ಕಿಟಕಿ. ಅವರಲ್ಲೊಬ್ಬಳು ಹುಡುಗಿ, ಆಡುವವರು ಅವಳಾಗಿ ಆಡಬೇಕು. ಕೊನೆಗೆ ಅವಳೊಬ್ಬಳೇ ದೋಣಿಯಲ್ಲಿ ಸಹಾಯ ಹುಡುಕಿಕೊಂಡು ಹೊರಡುತ್ತಾಳೆ. ಅತ್ತಿಗೆ ಅದನ್ನು ಮೂರು ಸಲ ಆಡಿ ಮುಗಿಸಿದ್ದರು. ಪಂದ್ಯಕ್ಕೆ ವಾರವಿರುವಾಗ ಅವರ ತವರು ಕುರುಗೋಡಿಗೆ ನಾವಿಬ್ಬರೂ ಹೋಗಿದ್ದೆವು. ಗೆದ್ದರೆ ಆ ಹಳೆಯ ಕೋಟೆಯ ಆಟವನ್ನೇ ಆರಿಸುವುದು, ಹತ್ತು ಪ್ರಶ್ನೆಗಳೂ ಸಿದ್ಧವಾಗಿವೆ ಎಂದು ಬಸ್ಸಿನಲ್ಲಿ ಹೇಳಿದರು. ಏನೇನು ಕೇಳುತ್ತೀರಿ ಎಂದರೆ ಕುರುಗೋಡು ಬರುವವರೆಗೂ ಒಂದನ್ನೂ ಬಾಯಿ ಬಿಡಲಿಲ್ಲ. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿದ್ದು ಕಡಿಮೆ.

ಭಾನುವಾರ ಪ್ರಶ್ನೆ ಕೇಳಿದವರು ಹೊಸಪೇಟೆಯ ಒಬ್ಬ ಬ್ಯಾಂಕ್ ನೌಕರರು. ಒಂಬತ್ತು ಮುಗಿದಾಗ ನಾವೂ ಗದಗದ ಅಣ್ಣತಮ್ಮಂದಿರೂ ಸಮ. ಹತ್ತನೆಯದು ಬಂತು: ದೋಣಿ ಹೊರಟಾಗ ಗೋಪುರದ ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತಿದೆ?

"ಆರು" ಎಂದರು ಅತ್ತಿಗೆ.

ನನ್ನ ಬೆರಳು ನಿಂತಿತು. ಆಟದೊಳಗೆ ಆ ಹುಡುಗಿಯದೊಂದು ಡೈರಿ ಇದೆ, ಇಂಗ್ಲಿಷಿನಲ್ಲಿ. ದಿನಾ ಸಂಜೆ ಏಳು ಕಿಟಕಿಗಳಲ್ಲೂ ದೀಪ ಹಚ್ಚುತ್ತೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

"ಏಳಲ್ರೀ? ಡೈರಿಯಾಗ ಏಳು ಅಂತ ಐತಿ."

"ಆಕಿ ಈಗ ದೋಣ್ಯಾಗ ಅದಾಳ. ಆಕಿ ಕೋಣ್ಯಾಗ ದೀಪ ಹಚ್ಚೋರು ಯಾರು? ಆರು ಹಾಕು."

ಅರ್ಧ ನಿಮಿಷ ಹೋಗಿತ್ತು. ಪಾಪ, ಚಿತ್ರ ನೋಡಿ ಊಹೆ ಮಾಡುತ್ತಿದ್ದಾರೆ, ಓದಲು ಬಂದಿದ್ದರೆ ತಿಳಿಯುತ್ತಿತ್ತು ಎಂದುಕೊಂಡೆ. ಆ 'ಪಾಪ' ನೆನಪಾದರೆ ಈಗಲೂ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ. ಏಳು ಎಂದು ಬರೆದು ಕಳಿಸಿದೆ.

ಉತ್ತರ ಆರು. ಹೊಸಪೇಟೆಯವರು ಚಿತ್ರವನ್ನೂ ಹಾಕಿದರು. ಮುಸ್ಸಂಜೆಯ ಗೋಪುರದಲ್ಲಿ ಆರು ಹಳದಿ ಚುಕ್ಕೆ, ಮೇಲಿನಿಂದ ಮೂರನೆಯ ಕಿಟಕಿ ಕಪ್ಪು. ಗದಗದವರು ಗೆದ್ದಿದ್ದರು.

"ಏನು ಹಾಕಿದಿ?" ಎಂದರು ಅತ್ತಿಗೆ, ಯಂತ್ರ ನಿಲ್ಲಿಸಿ.

"ಏಳು" ಎಂದೆ.

ಅವರು ದಾರ ಕತ್ತರಿಸಿ, ಹೊಲಿದ ಬಟ್ಟೆಯನ್ನು ಪಕ್ಕಕ್ಕಿಟ್ಟರು. ನನಗೆ ತಡೆಯಲಾಗಲಿಲ್ಲ. ಗಡಿಬಿಡಿಯಲ್ಲಿ ಗುಂಪಿಗೆ ಬರೆದೆ: ಇಲ್ಲಿಯವರೆಗಿನ ಸರಿ ಉತ್ತರಗಳೆಲ್ಲ ನನ್ನ ಅತ್ತಿಗೆಯವು, ಇವತ್ತಿನ ತಪ್ಪೊಂದು ಮಾತ್ರ ನನ್ನದು. ಎಲ್ಲರೂ ಒಳ್ಳೆಯ ಮಾತೇ ಆಡಿದರು. ಅತ್ತಿಗೆಯನ್ನು ಗುಂಪಿಗೆ ಸೇರಿಸಿ ಎಂದರು. ಫೋನನ್ನು ಅವರ ಮುಂದೆ ಹಿಡಿದೆ. "ನೋಡ್ರಿ, ಎಲ್ಲಾ ಹೇಳಿಬಿಟ್ಟೀನಿ."

"ಅವ್ರಿಗೆ ಹೇಳಿದಿ, ಛಲೋ ಆತು" ಎಂದರು, ಫೋನಿನ ಕಡೆ ನೋಡದೆ.

"ತಪ್ಪಾತ್ರಿ ಅತ್ತಿಗಿ."

"ಕುಂದ್ರು. ನನ್ನ ಹತ್ತು ಪ್ರಶ್ನಿ ನಿಂಗರ ಕೇಳ್ತೀನಿ. ಆ ಆಟ ನೀನೂ ಆಡೀಯಲ್ಲ."

ಕುಳಿತೆ. ಕಾವಲುಗಾರ ಯಾವ ಕಾಲು ಎಳೆದು ನಡೆಯುತ್ತಾನೆ? ಅಡುಗೆಮನೆಯ ಒಲೆ ಮೇಲೆ ಏನಿತ್ತು? ಗೋಡೆಯ ಚಿತ್ರದಲ್ಲಿರುವ ರಾಣಿ ಒಂದೇ ಕಿವಿಗೆ ಓಲೆ ಹಾಕಿದ್ದಾಳಲ್ಲ, ಇನ್ನೊಂದು ಓಲೆ ಕೋಟೆಯಲ್ಲಿ ಯಾರ ಹತ್ತಿರ ಇತ್ತು? ಪ್ರಶ್ನೆಗಳು ಚೆನ್ನಾಗಿದ್ದವು, ನನ್ನವಕ್ಕಿಂತ ಎಷ್ಟೋ ಮೇಲು. ನಾನು ಊರ ಹೆಸರು, ರಾಜರ ಹೆಸರು ಕೇಳಿ ಜಾಣೆ ಎನಿಸಿಕೊಂಡವಳು. ಒಂಬತ್ತರಲ್ಲಿ ಎರಡು ಸರಿ ಹೇಳಿದೆ. ಆ ಕೋಟೆಯಲ್ಲಿ ಎರಡು ತಿಂಗಳು ತಿರುಗಿದ್ದೆ, ನೋಡಿದ್ದು ಮಾತ್ರ ಏನೂ ಇರಲಿಲ್ಲ.

"ಹತ್ತನೇದು ಆಟದ್ದಲ್ಲ, ನಿಂಗಂತ ಈಗ ಮಾಡಿದ್ದು" ಎಂದರು ಅತ್ತಿಗೆ. "ನಾ ಎಲ್ಲೀತನಕ ಓದೀನಿ?"

ಇದೊಂದಾದರೂ ಗೊತ್ತು ಎಂದು ಉಸಿರು ಬಿಟ್ಟೆ. "ಎಂಟನೇತ್ತ ತನಕ."

"ಪಿಯುಸಿ" ಎಂದರು. "ಫಸ್ಟ್ ಕ್ಲಾಸು. ಆ ಡೈರಿ ನಾನೂ ಓದೀನಿ. ಏಳು ಅಂತ ಬರ್ದಿದ್ದು ನಂಗೂ ಗೊತ್ತೈತಿ."

ಅಣ್ಣನ ಮದುವೆಯ ಮಾತುಕತೆ ನಡೆದಾಗ ನಾನು ಬೇರೆ ಊರಿನಲ್ಲಿ ಬಿ.ಇಡಿ. ಓದುತ್ತಿದ್ದೆ. ಎಂಟನೆಯ ತರಗತಿ ಎಂದು ನನಗೆ ಯಾರು ಹೇಳಿದ್ದರೆಂದು ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. ಯಾರೂ ಹೇಳಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತವರನ್ನು ನೋಡಿ ನಾನೇ ಅಷ್ಟೇ ಎಂದು ಲೆಕ್ಕ ಹಾಕಿಕೊಂಡಿದ್ದೆ, ಮಕ್ಕಳನ್ನು ದಿನವೂ ಪ್ರಶ್ನೆ ಕೇಳಿ ಸಂಬಳ ಎಣಿಸುವ ನಾನು.

"ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ರಿ?"

"ನೀ ಕೇಳ್ಲೇ ಇಲ್ಲಲ್ಲ ಯವ್ವಾ" ಎಂದರು ಅತ್ತಿಗೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅಳು ಬಂತು.