ವಾಷರ್ ನನ್ನ ಜೇಬಿನಲ್ಲಿತ್ತು

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಕುಂದಾಪುರದಿಂದ ಕಲ್ಕತ್ತೆಗೆ ಬಂದವನು, ಕೈಪಂಪು ಬಿಚ್ಚಿ ಜೋಡಿಸಿ ಬದುಕು ಕಟ್ಟಿಕೊಂಡವನು. ಮನುಷ್ಯ ಸುಳ್ಳು ಹೇಳಿಯಾನು, ಕಬ್ಬಿಣ ಹೇಳುವುದಿಲ್ಲ ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಕಲ್ಕತ್ತೆಯ ಅಂಚಿನ ಜೋಕಾದ ಆಚೆ ಒಂದು ಚಳಿಗಾಲದ ಸಂಜೆ ನಡೆದದ್ದು ಮಾತ್ರ ನನ್ನ ತಲೆಯೊಳಗೆ ಇನ್ನೂ ಸರಿಯಾಗಿ ಕೂತಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ಎಡರಂಗದ ಸರ್ಕಾರವಿತ್ತು. ನಾನು ಲೇಕ್ ಗಾರ್ಡನ್ಸ್‌ನಲ್ಲಿ ಅಕ್ಕನ ಮನೆಯಲ್ಲಿದ್ದೆ, ಭಾವ ಬ್ಯಾಂಕಿನಲ್ಲಿದ್ದರು. ಯಾವುದೋ ಕಾರ್ಖಾನೆಗೆ ರಾಸಾಯನಿಕ ಸಾಗಿಸುವ ಪೈಪ್‌ಲೈನ್ ಹಾಕುವ ಯೋಚನೆ ನಡೆದಿತ್ತು. ಅದು ಹೋಗುವ ದಾರಿಯಲ್ಲಿ ನೆಲದ ನೀರು, ಗಾಳಿ ಈಗ ಹೇಗಿವೆ, ಮುಂದೆ ಏನಾದೀತು ಎಂದು ನೋಡುವ ತಂಡದಲ್ಲಿ ನನಗೆ ಪಂಪಿನ ಕೆಲಸ. ನೀರು ಪರೀಕ್ಷಿಸುವ ಕೆಮಿಸ್ಟ್ ಮಿತ್ರಬಾಬು. ಒಳ್ಳೆಯ ಮನುಷ್ಯ, ಆದರೆ ನನ್ನನ್ನು ಕರೆಯುತ್ತಿದ್ದುದು "ಏ ಮದ್ರಾಸಿದಾ" ಎಂದು, ಅಂದರೆ ಮದ್ರಾಸಿ ಅಣ್ಣ. "ಮದ್ರಾಸಲ್ಲ ಬಾಬು, ಕುಂದಾಪುರ" ಎಂದು ನಾನು ಹೇಳುವುದು, "ಎರಡಕ್ಕೂ ಒಂದೇ ಸಮುದ್ರ ಅಲ್ಲವೇ?" ಎಂದು ಅವರು ನಗುವುದು, ಇದು ದಿನವೂ ನಡೆಯುತ್ತಿತ್ತು.

ನೀರು ಕೊಡುವ ಕೊಳವೆಬಾವಿ ಸಿಕ್ಕಿದರೆ ನಕ್ಷೆಯಲ್ಲಿ ಅದಕ್ಕೊಂದು ಗುರುತು. ಗುರುತಿದ್ದರೆ ಪೈಪು ಅಲ್ಲಿಂದ ದೂರ ಸರಿಯಬೇಕು. ಕೆಟ್ಟು ನಿಂತ ಬಾವಿಗೆ ಗುರುತಿಲ್ಲ. ಅದರ ಪಕ್ಕದಲ್ಲೇ ಅಗೆಯಬಹುದು.

ಕೊನೆಯ ದಿನ ಒಬ್ಬ ಮುದುಕಿಯ ಅಂಗಳಕ್ಕೆ ಹೋದೆವು. ಊರವರಂತೆ ನಾವೂ ಆಕೆಯನ್ನು ಮಾಶಿಮಾ ಎಂದೆವು, ನಮ್ಮಲ್ಲಿ ಚಿಕ್ಕಮ್ಮ ಎನ್ನುವ ಹಾಗೆ. ಅಂಗಳದ ಪಂಪು ಗಂಡ ಹಾಕಿಸಿದ್ದು. ಕೆಟ್ಟು ಬಹಳ ತಿಂಗಳಾಗಿತ್ತು. ಆಕೆ ಡಾಂಬರು ರಸ್ತೆಯ ಆಚೆಯಿಂದ ನೀರು ಹೊತ್ತು ತರುತ್ತಿದ್ದಳು. ನಕ್ಷೆಯಲ್ಲಿ ಪೈಪಿನ ಗೆರೆ ಆ ಅಂಗಳದ ಮೇಲೆಯೇ ಹಾದಿತ್ತು.

ಬೆಳಿಗ್ಗೆ ಜಗಲಿಯ ಮೇಲೆ ಗಾಳಿಯ ಮೆಷಿನ್ ಇಟ್ಟೆವು. ಬಿಳಿ ಕಾಗದದ ಮೂಲಕ ಗಾಳಿ ಎಳೆದು ದೂಳು ಹಿಡಿಯುವ ಯಂತ್ರ ಅದು. ಹತ್ತಿರ ಹೊಗೆ ಮಾಡಬೇಡಿ ಎಂದು ನನ್ನ ಹರುಕು ಬಂಗಾಳಿಯಲ್ಲಿ ಹೇಳಿದೆ. ಹಿತ್ತಲಲ್ಲಿ ಒಲೆ ಹಚ್ಚಬಹುದಿತ್ತು. ಆದರೆ ಆಕೆ ದಿನವಿಡೀ ಹಚ್ಚಲೇ ಇಲ್ಲ, ಬರಿ ಮಂಡಕ್ಕಿ ತಿಂದು ಕೂತಿದ್ದಳು. ನಮಗದು ತಿಳಿದದ್ದು ಸಂಜೆ, ಕಾಗದ ಹೊರತೆಗೆದಾಗ. ಅದು ಬೂದಿಬಣ್ಣವಾಗಿತ್ತು.

"ನಾನು ಉಪವಾಸ ಕೂತರೂ ಇಷ್ಟು ಮಸಿಯೇ? ಹಾಗಾದರೆ ಇದು ನನ್ನ ಒಲೆಯದ್ದಲ್ಲ, ಬರೆದುಕೊಳ್ಳಿ!" ಎಂದಳು.

ಮಿತ್ರಬಾಬು ತಲೆ ತಗ್ಗಿಸಿದರು. ಈ ಪಂಪನ್ನು ಸರಿಮಾಡಿಯೇ ಹೋಗುತ್ತೇನೆ ಎಂದುಕೊಂಡು ನಾನು ಅದನ್ನು ಬಿಚ್ಚಿದೆ. ಒಳಗಿನ ಚರ್ಮದ ವಾಷರ್ ಹರಿದು ಚಿಂದಿಯಾಗಿತ್ತು. ನೀರನ್ನು ಮೇಲಕ್ಕೆಳೆಯುವುದೇ ಅದು. ಕಿತ್ತು ಜೇಬಿಗೆ ಹಾಕಿದೆ. ಬಾವಿಯ ಬಾಯಿ ತೆರೆದಿಟ್ಟು ಹೋಗಬಾರದು ಎಂಬುದು ನಮ್ಮ ಕೆಲಸದ ರೂಢಿ, ಅದಕ್ಕೆ ವಾಷರ್ ಇಲ್ಲದೆಯೇ ಸರಳು, ಮುಚ್ಚಳ, ಹಿಡಿ ಎಲ್ಲ ಮತ್ತೆ ಕೂರಿಸಿ ಜೀಪಿಗೆ ಹೋದೆ. ಡಬ್ಬಿಯಲ್ಲಿ ಹೊಸ ವಾಷರ್ ಒಂದೂ ಇರಲಿಲ್ಲ.

"ನಾಳೆ ತರುತ್ತೇನೆ ಬಾಬು."

"ನಾಳೆ ಎಲ್ಲಿಯದು? ಕೆಲಸ ಇವತ್ತಿಗೆ ಮುಗಿಯಿತು. ಕೆಟ್ಟಿದೆ ಅಂತಲೇ ಬರೆಯಬೇಕು," ಎಂದರು ಮಿತ್ರಬಾಬು. ಅವರಿಗೂ ಅದು ಹಿತವಾಗಿರಲಿಲ್ಲ.

ಮಾಶಿಮಾ ಕೇಳಿಸಿಕೊಂಡಳೋ ಇಲ್ಲವೋ. ಒಳಗಿನಿಂದ ತಟ್ಟೆಯಲ್ಲಿ ಬತ್ತಾಸು ತಂದಳು. ನಮ್ಮೂರಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವಂತೆ ಅಲ್ಲಿ ಬತ್ತಾಸು ನೀರು. ಆದರೆ ಮನೆಯ ಕೊಡ ಬರಿದಾಗಿತ್ತು. "ಬರಿ ಬತ್ತಾಸು ಕೊಟ್ಟು ಕಳಿಸಲಾ ಮಗಾ? ಮನೆಯ ಮರ್ಯಾದೆ ಏನಾಗಬೇಕು?" ಎನ್ನುತ್ತ ಲೋಟ ಹಿಡಿದು ನೇರ ಪಂಪಿನ ಬಳಿ ನಡೆದಳು.

ಮಾಶಿಮಾ, ವಾಷರ್ ನನ್ನ ಜೇಬಿನಲ್ಲಿದೆ ಎನ್ನಲು ಬಾಯಿ ತೆರೆದೆ. ಆಕೆ ಹಿಡಿ ಒತ್ತಿದಳು. ನೀರು ಬಂತು.

ಹನಿಯಲ್ಲ, ಧಾರೆ. ಆ ಚಳಿಯಲ್ಲಿ ಸಣ್ಣಗೆ ಹಬೆಯಾಡುತ್ತಿತ್ತು. ಚಳಿಗಾಲದಲ್ಲಿ ನೆಲದಾಳದ ನೀರು ಮಾತ್ರ ಹಾಗೆ ಉಗುರುಬೆಚ್ಚಗೆ ಬರುತ್ತದೆ. ಮೇಲಿನಿಂದ ಯಾರೂ ನೀರು ಹುಯ್ದಿರಲಿಲ್ಲ, ಹುಯ್ಯಲು ಆ ಮನೆಯಲ್ಲಿ ನೀರೇ ಇರಲಿಲ್ಲ. ಬತ್ತಾಸು ಬಾಯಿಗೆ ಹಾಕಿ ಕುಡಿದೆ. ಕಬ್ಬಿಣದ ವಾಸನೆ, ತುಸು ಉಪ್ಪು. ನಾನೇ ಹೇಗೋ ಸರಿಮಾಡಿದೆ ಎಂದುಕೊಂಡು ಮಿತ್ರಬಾಬು ಖುಷಿಯಿಂದ "ಭೇಷ್ ಮದ್ರಾಸಿದಾ!" ಎಂದು, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು ಬಾಟಲಿ ತುಂಬಿಸಿಕೊಂಡರು.

ಆಮೇಲೆ ಮಾಶಿಮಾಳ ಕೈಯಿಂದ ಹಿಡಿಯನ್ನು ನಾನು ತೆಗೆದುಕೊಂಡೆ. ಒತ್ತಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಒಣ ಸದ್ದು. ಮತ್ತೆ ಮತ್ತೆ ಒತ್ತಿದರೂ ಅಷ್ಟೇ. ಜೇಬಿನಿಂದ ಆ ಚಿಂದಿಯನ್ನು ತೆಗೆದು ಮಿತ್ರಬಾಬುಗೆ ತೋರಿಸಿದೆ. ಅವರು ಅದನ್ನು ನೋಡಿದರು, ಪಂಪನ್ನು ನೋಡಿದರು, ಬಾಟಲಿಯ ಮುಚ್ಚಳ ಬಿಗಿ ಮಾಡಿದರು. "ನೀರು ಬಂತು. ನಾನು ಬರೆಯುವುದು ಅದನ್ನೇ," ಎಂದರು.

ಭಾವನಿಗೆ ಹೇಳಿದರೆ, "ಪಂಪಿಗೆ ದೆವ್ವ ಹಿಡ್ದದ್ದಾ, ನಿಂಗೆ ಹಸಿವು ಹಿಡ್ದದ್ದಾ ಮಾರಾಯಾ?" ಎಂದು ನಕ್ಕರು.

ಮರುದಿನ ನಗರದ ನಡುವಿನ ಎಸ್ಪ್ಲನೇಡ್‌ನಿಂದ ಬಸ್ಸು ಹಿಡಿದು ಹೋಗಿ ಹೊಸ ವಾಷರ್ ಹಾಕಿಕೊಟ್ಟೆ. ಒಲೆ ಉರಿಯುತ್ತಿತ್ತು. ನಿನ್ನೆ ನೀರು ಹೇಗೆ ಬಂತು ಎಂದು ಕೇಳಿದ್ದಕ್ಕೆ ಮಾಶಿಮಾ ನನ್ನನ್ನೇ ವಿಚಿತ್ರವಾಗಿ ನೋಡಿ, "ಒತ್ತಿದೆ, ಬಂತು" ಎಂದಳು. ಪೈಪಿನ ಗೆರೆ ಕೊನೆಗೆ ಆ ಅಂಗಳವನ್ನು ಬಿಟ್ಟು ಆಚೆ ಸರಿಯಿತು.

ವಾಷರ್ ಇಲ್ಲದೆ ಪಂಪು ನೀರೆತ್ತುವುದಿಲ್ಲ. ಕೆಲಸ ಕಲಿಯಲು ಬಂದವರಿಗೆ ಇಂದಿಗೂ ಇದನ್ನೇ ಹೇಳುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ. ಆದರೆ ಹೇಳುವಾಗಲೆಲ್ಲ ಆ ಕಬ್ಬಿಣದ ರುಚಿ ನಾಲಿಗೆಗೆ ಬಂದುಬಿಡುತ್ತದೆ.